ನಲವತ್ತರ ಮೇಲೆ ವ್ಯಾಯಾಮ ಶಿಕ್ಷಕರಾಗಬಹುದೇ?

ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ನಲವತ್ತು ದಾಟಿದ ಗುಮಾಸ್ತರೂ ಕೆಲಸಗಾರರೂ ಬಹಳ ಜನ ಇದ್ದಾರೆ. ಗಿರಣಿ ಮುಚ್ಚಿದರೆ ಏನು ಗತಿ, ಸ್ವಯಂನಿವೃತ್ತಿಯ ಕಾಗದಕ್ಕೆ ಸಹಿ ಹಾಕಬೇಕೇ ಬೇಡವೇ ಎಂಬ ಚಿಂತೆ ಹಲವರಿಗಿದೆ. ಇಂಥವರಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ: 'ಪುಣೆಯಲ್ಲಿ ಯೋಗದ ತರಗತಿ, ಪಿಲಾಟೀಸ್ ತರಗತಿ ಎಂದು ಹಲಗೆಗಳು ಕಾಣುತ್ತವೆ. ಈ ವಯಸ್ಸಿನಲ್ಲಿ ನಾವೂ ಕಲಿತು ಕಲಿಸುವವರಾಗಬಹುದೇ?' ಈ ಪ್ರಶ್ನೆಯನ್ನು ನಗೆಯಾಡಿ ಬಿಡುವಂತಿಲ್ಲ. ಒಂದು ಸಂಸಾರದ ಹೊಟ್ಟೆಪಾಡು ಇದರ ಹಿಂದೆ ಇರುತ್ತದೆ. ಆದುದರಿಂದ ಈ ಸಂಚಿಕೆಯ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ಪಿಲಾಟೀಸ್ ಎಂದರೇನು?

ಇದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಮೊದಲನೆಯ ಮಹಾಯುದ್ಧ ಬಂದಾಗ ಅವರು ಇಂಗ್ಲೆಂಡಿನಲ್ಲಿದ್ದರು. ಶತ್ರುದೇಶದವರೆಂದು ಅವರನ್ನು ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ ತಮ್ಮ ವ್ಯಾಯಾಮಶಾಲೆಯನ್ನು ತೆರೆದರು. ಆಗ ಅವರಿಗೆ ವಯಸ್ಸು ನಲವತ್ತೆರಡು. ಹೊಟ್ಟೆ, ಸೊಂಟ, ಬೆನ್ನುಗಳ ಸ್ನಾಯುಗಳನ್ನು ಉಸಿರಿನೊಡನೆ ಹೊಂದಿಸಿ ನಿಧಾನವಾಗಿ ದುಡಿಸುವುದು ಈ ಪದ್ಧತಿಯ ತಿರುಳು. ನೆಲದ ಮೇಲೆ ಚಾಪೆ ಹಾಸಿಯೂ ಮಾಡಬಹುದು. ಸ್ಪ್ರಿಂಗು, ಹಗ್ಗ, ಜಾರುವ ಹಲಗೆಗಳಿರುವ ಮಂಚದಂಥ ಯಂತ್ರದ ಮೇಲೆಯೂ ಮಾಡಬಹುದು. ಯಂತ್ರದ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದಲ್ಲ. ಯೋಗಕ್ಕಾದರೋ ಒಂದು ಜಮಖಾನೆ ಸಾಕು. ಕಲಿಯುವ ಸ್ಥಳಗಳೂ ನಮಗೆ ಹತ್ತಿರದಲ್ಲೇ ಇವೆ. ಹೀಗಾಗಿ ಮುಂದಿನ ಮಾತು ಹೆಚ್ಚಾಗಿ ಯೋಗದ್ದು.

ಕಾಫಿ ತೋಟದಿಂದ ಯೋಗಶಾಲೆಗೆ

ನಡುವಯಸ್ಸಿನಲ್ಲಿ ಈ ವೃತ್ತಿಗೆ ಬಂದವರು ನಮ್ಮ ನಾಡಿನಲ್ಲಿಯೇ ಇದ್ದರು. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಜನಿಸಿದರು. ದೊಡ್ಡ ಪಂಡಿತರು. ಆದರೂ ಮದುವೆಯಾದ ಮೇಲೆ ಸಂಸಾರ ಸಾಗಿಸಲು ಹಾಸನದ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡಬೇಕಾಯಿತು. ಬಿಡುವಿನಲ್ಲಿ ಊರೂರಿಗೆ ಹೋಗಿ ಯೋಗದ ಉಪನ್ಯಾಸ, ಪ್ರದರ್ಶನಗಳನ್ನು ಕೊಡುತ್ತಿದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾದಾಗ ಅವರಿಗೆ ನಲವತ್ತೈದರ ಹತ್ತಿರ. ಆ ಶಾಲೆ 1950ರಲ್ಲಿ ಮುಚ್ಚಿತು. ಅರವತ್ತು ದಾಟಿದ ಮೇಲೆ ಅವರು ಮದರಾಸಿಗೆ ಹೋಗಿ ಹೊಸದಾಗಿ ಕಲಿಸತೊಡಗಿದರು. ನೂರು ವರ್ಷ ಬಾಳಿ 1989ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಅಂಶವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೃಷ್ಣಮಾಚಾರ್ಯರ ಸಂಪಾದನೆಯ ದಾರಿ ಬದಲಾದದ್ದು ನಲವತ್ತರ ಮೇಲೆ. ಅಭ್ಯಾಸ ಮಾತ್ರ ಎಳೆಯ ವಯಸ್ಸಿನಿಂದ ನಡೆದಿತ್ತು. ಪಿಲಾಟೀಸರೂ ನ್ಯೂಯಾರ್ಕಿಗೆ ಹೋಗುವ ಮೊದಲೇ ಬಹುಕಾಲ ತಮ್ಮ ಮೈಯನ್ನು ಪಳಗಿಸಿದ್ದರು. ವೃತ್ತಿ ಕೊನೆಗೆ ಬದಲಾಗಬೇಕು, ಕಲಿಕೆ ಮೊದಲಾಗಬೇಕು. ಈ ಪಾಠದ ಸಾರವೆಲ್ಲ ಇಷ್ಟೇ.

ಪುಣೆಗೆ ಬಂದ ಬೆಳ್ಳೂರಿನ ಹುಡುಗ

ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ ಬಿ. ಕೆ. ಎಸ್. ಅಯ್ಯಂಗಾರ್ಯರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ, ವಿಷಮಜ್ವರಗಳಿಂದ ನವೆದ ಶರೀರ. 1937ರಲ್ಲಿ ಭಾವನವರು ಅವರನ್ನು ಪುಣೆಗೆ ಕಳಿಸಿದರು. ಡೆಕ್ಕನ್ ಜಿಮಖಾನಾದಲ್ಲಿ ಕಲಿಸುವ ಕೆಲಸ, ಅದೂ ಮೊದಲಿಗೆ ಆರೇ ತಿಂಗಳಿಗೆಂದು. ಮರಾಠಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಎದುರಿಗೆ ನಿಂತವರೋ ತಮಗಿಂತ ಗಟ್ಟಿಮುಟ್ಟಾದ ಕಾಲೇಜು ಹುಡುಗರು. ನಮ್ಮಲ್ಲಿ ಯಾರು ಪರಸ್ಥಳಕ್ಕೆ ಬಂದು ಮೊದಲ ದಿನ ಬಾಯಿ ಬಾರದೆ ನಿಂತಿದ್ದೇವೆಯೋ ಅವರಿಗೆ ಈ ಸ್ಥಿತಿ ತಿಳಿಯುತ್ತದೆ.

ಗುರುಗಳಿಂದ ಅವರಿಗೆ ದೊರೆತ ಪಾಠ ಅಲ್ಪ. ಕೊರತೆಯನ್ನು ತುಂಬಲು ದಿನಕ್ಕೆ ಹಲವು ತಾಸು ತಾವೇ ಅಭ್ಯಾಸ ಮಾಡಿದರು. ಕರಾರು ಮುಗಿದ ಮೇಲೆ ಕೆಲವು ವರ್ಷ ಊಟಕ್ಕೂ ತತ್ವಾರ ಪಟ್ಟರು. 1952ರಲ್ಲಿ ಪಿಟೀಲು ವಾದಕ ಯಹೂದಿ ಮೆನುಹಿನ್ನರ ಪರಿಚಯವಾಗಿ, 1954ರಲ್ಲಿ ಯುರೋಪಿಗೆ ಕರೆ ಬಂತು. ಅವರ ದೊಡ್ಡ ಗ್ರಂಥ ಇಂಗ್ಲಿಷಿನಲ್ಲಿ ಹೊರಬಿದ್ದದ್ದು 1966ರಲ್ಲಿ. ಶಿವಾಜಿನಗರದ ಬಳಿಯ ಮಾಡೆಲ್ ಕಾಲನಿಯಲ್ಲಿ ಪತ್ನಿ ರಮಾಮಣಿಯವರ ಹೆಸರಿನ ಸಂಸ್ಥೆ ತೆರೆದದ್ದು 1975ರಲ್ಲಿ, ಅಂದರೆ ಪುಣೆಗೆ ಬಂದು ಮೂವತ್ತೆಂಟು ವರ್ಷಗಳ ಮೇಲೆ. 2014ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಮರದ ಇಟ್ಟಿಗೆ, ಪಟ್ಟಿ, ಕುರ್ಚಿ, ಗೋಡೆಯ ಹಗ್ಗ ಇವುಗಳ ಆಸರೆಯಿಂದ ಆಸನ ಮಾಡಿಸುವ ಕ್ರಮವನ್ನು ಅಯ್ಯಂಗಾರ್ಯರು ಬೆಳೆಸಿದರು. ಬಿಗಿದ ಮೈಯವರೂ ವಯಸ್ಸಾದವರೂ ಇದರಿಂದ ಆಸನಕ್ಕೆ ಹತ್ತಿರವಾಗಬಲ್ಲರು. ದಿನವೆಲ್ಲ ಕುರ್ಚಿಯಲ್ಲಿ ಕೂತು ಲೆಕ್ಕ ಬರೆದು ಬೆನ್ನು ಬಗ್ಗಿದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಈಗ ಕಲಿಯುವ ದಾರಿ

ಪುಣೆಯಿಂದ ಲೋಕಲ್ ಗಾಡಿ ಹತ್ತಿದರೆ ಲೋಣಾವಳಾ. ಅಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಸ್ಥಾಪಿಸಿದ ಕೈವಲ್ಯಧಾಮವಿದೆ. ಯೋಗ ಕಲಿಸುವ ಕಾಲೇಜೂ ಇದೆ. ಇದಲ್ಲದೆ ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯದ ಅಡಿಯಲ್ಲಿ ಯೋಗ ಪ್ರಮಾಣಪತ್ರ ಮಂಡಲಿ ಇದೆ. ಬರವಣಿಗೆಯ ಪರೀಕ್ಷೆಯನ್ನೂ ಮಾಡಿ ತೋರಿಸುವ ಪರೀಕ್ಷೆಯನ್ನೂ ತೆಗೆದುಕೊಂಡು ಹಂತ ಹಂತವಾಗಿ ಪತ್ರ ಕೊಡುತ್ತದೆ. ಅಯ್ಯಂಗಾರ್ ಪದ್ಧತಿಯಲ್ಲಿ ಶಿಕ್ಷಕರಾಗಲು ಒಬ್ಬ ಅಧಿಕೃತ ಶಿಕ್ಷಕರ ಬಳಿ ಹಲವು ವರ್ಷ ಕಲಿತಿರಬೇಕು. ಕೆಲವೇ ವಾರಗಳಲ್ಲಿ ಶಿಕ್ಷಕರನ್ನಾಗಿ ಮಾಡುತ್ತೇವೆಂದು ಹಣ ಕೇಳುವವರನ್ನು ಕಂಡರೆ ಹತ್ತು ಸಲ ವಿಚಾರಿಸಿರಿ.

ಲೆಕ್ಕ ಏನು ಹೇಳುತ್ತದೆ?

ಹತ್ತು ಜನ ಶಿಷ್ಯರು ತಿಂಗಳಿಗೆ ತಲಾ 800 ರೂಪಾಯಿ ಕೊಡುತ್ತಾರೆಂದು ಇಟ್ಟುಕೊಳ್ಳಿ. ಬಂದದ್ದು 8,000. ಹಾಲಿನ ಬಾಡಿಗೆ 3,000 ಹೋದರೆ ಉಳಿದದ್ದು 5,000. ಗಣೇಶೋತ್ಸವ, ದೀಪಾವಳಿ, ಮೇ ತಿಂಗಳ ರಜೆಗಳಲ್ಲಿ ಶಿಷ್ಯರು ಊರಿಗೆ ಹೋಗುತ್ತಾರೆ. ಬಾಡಿಗೆ ಊರಿಗೆ ಹೋಗುವುದಿಲ್ಲ. ಇಷ್ಟರಿಂದ ಪಗಾರದ ಜಾಗ ತುಂಬದು. ಆದರೆ ಪಗಾರಕ್ಕೆ ಇದು ಒಳ್ಳೆಯ ಜೊತೆ. ತರಗತಿಗಳು ನಡೆಯುವುದು ಬೆಳಗಿನ ಜಾವ, ಇಲ್ಲವೆ ಸಂಜೆ. ಹಗಲು ಪಾಳಿಯ ಗುಮಾಸ್ತನಿಗೆ ಇದು ಹೊಂದುತ್ತದೆ. ವಾರವಾರ ಪಾಳಿ ಬದಲಾಗುವವರು ಭಾನುವಾರದ ಒಂದು ತರಗತಿಯಿಂದ ತೊಡಗುವುದು ಲೇಸು.

ಭವಿಷ್ಯನಿಧಿಯ ಹಣವನ್ನು ಯಂತ್ರಕ್ಕೂ ಅಂಗಡಿಯ ಮುಂಗಡಕ್ಕೂ ಸುರಿಯಬೇಡಿ. ಎರಡು ಮೂರು ವರ್ಷ ಕಲಿತು, ಮನೆಯವರಿಗೂ ನೆರೆಯವರಿಗೂ ಕಲಿಸಿ, ಜನ ತಾವಾಗಿ ಹುಡುಕಿಕೊಂಡು ಬರುವಂತಾದ ಮೇಲೆ ನೌಕರಿಯ ಮಾತು ಯೋಚಿಸಬಹುದು. ನೌಕರಿ ಈಗಾಗಲೇ ಹೋಗಿದ್ದರೆ ಮೊದಲು ಸಿಕ್ಕ ಕೆಲಸ ಹಿಡಿಯಿರಿ; ಕಲಿಕೆಯನ್ನು ಅದರ ಪಕ್ಕದಲ್ಲಿ ನಡೆಸಿರಿ.

ಪರರ ಮೈ ನಮ್ಮ ಹೊಣೆ

ಲೆಕ್ಕದ ಪುಸ್ತಕದಲ್ಲಿ ತಪ್ಪಾದರೆ ಹೊಡೆದು ಬರೆಯಬಹುದು. ಕುತ್ತಿಗೆಯ ಮೂಳೆಗೆ ಪೆಟ್ಟಾದರೆ ಹಾಗೆ ಬರೆಯಲಾಗದು. ರಕ್ತದೊತ್ತಡ ಹೆಚ್ಚಿದವರಿಗೂ ಕಣ್ಣಿನ ಒತ್ತಡದ ರೋಗವಿದ್ದವರಿಗೂ ಶೀರ್ಷಾಸನ ಮಾಡಿಸಕೂಡದು. ಬೆನ್ನುಮೂಳೆಯ ನಡುವಿನ ಮೆತ್ತೆ ಸರಿದವರನ್ನು ಮುಂದಕ್ಕೆ ಬಗ್ಗಿಸುವ ಮೊದಲು ಡಾಕ್ಟರ ಅಭಿಪ್ರಾಯ ಬೇಕು. ಬಸುರಿಯರ ಅಭ್ಯಾಸ ಬೇರೆಯೇ. ಹೊಸಬರು ಬಂದೊಡನೆ ಕಾಯಿಲೆ, ಶಸ್ತ್ರಕ್ರಿಯೆ, ನೋವುಗಳನ್ನು ಕೇಳಿ ವಹಿಯಲ್ಲಿ ಬರೆದಿಡಬೇಕು. ಗುಮಾಸ್ತರಿಗೆ ಇದು ಹೊಸ ವಿದ್ಯೆಯಲ್ಲ! ಕ್ರಮವಾಗಿ ಬರೆದಿಡುವುದು, ಹೊತ್ತಿಗೆ ಸರಿಯಾಗಿ ಹಾಜರಾಗುವುದು, ಸಿಡುಕದೆ ಹತ್ತು ಜನರೊಡನೆ ವ್ಯವಹರಿಸುವುದು ಇವು ಇಷ್ಟು ವರ್ಷದ ನೌಕರಿ ನಮಗೆ ಕಲಿಸಿದ ಗುಣಗಳು. ನಲವತ್ತರ ಮೇಲೆ ಬರುವವನಿಗೆ ಇದೇ ಬಂಡವಾಳ.

ವಿಚಾರ ಮಾಡಲು ಪ್ರಶ್ನೆಗಳು

1. ಕೃಷ್ಣಮಾಚಾರ್ಯರ ಜೀವನದಲ್ಲಿ ಮೊದಲು ಬಂದದ್ದು ಯಾವುದು, ಕಲಿಕೆಯೋ ಸಂಪಾದನೆಯೋ?
2. ನಿಮ್ಮ ಪಾಳಿಯ ನಡುವೆ ದಿನಕ್ಕೆ ಅರ್ಧ ತಾಸು ಎಲ್ಲಿ ಸಿಕ್ಕೀತು? ಕಾಗದದ ಮೇಲೆ ಬರೆದು ನೋಡಿರಿ.
3. ಮೇಲಿನ ಲೆಕ್ಕವನ್ನು ನಿಮ್ಮ ಪೇಠೆಯ ಬಾಡಿಗೆ ಹಾಕಿ ಮತ್ತೆ ಮಾಡಿರಿ. ಎಷ್ಟು ಶಿಷ್ಯರಾದರೆ ನಿಮ್ಮ ಮನೆಖರ್ಚು ತೂಗೀತು?

ಉತ್ತರಗಳನ್ನು ಬರೆದು ವಾಚನಾಲಯಕ್ಕೆ ತಂದರೆ ಕೂಡಿ ಕುಳಿತು ನೋಡೋಣ.