ಮೇಲ್ ಕಳ್ಳರ ಕೈಗೆ ಹೋದಾಗ

ಪುಟ್ಟಿ, ನಿನ್ನ ಜಿಮೇಲ್‌ನಿಂದ ಊರಿಗೆಲ್ಲ ದುಡ್ಡು ಕೇಳಿ ಮೇಲ್ ಹೋಗಿದೆಯಂತೆ, ನಿಮ್ಮಮ್ಮ ಹೇಳಿದಳು. ಗಾಬರಿಯಾಗಬೇಡ. ಪಾಸ್‌ವರ್ಡ್ ಬದಲಾಯಿಸಿದರೆ ಮುಗಿಯಿತು ಅಂತಲೂ ಅಂದುಕೊಳ್ಳಬೇಡ.

• ಮೊದಲು ಬ್ಯಾಂಕ್ ಖಾತೆ ನೋಡು. ಒಂದು ರೂಪಾಯಿ ಹೋಗಿದ್ದರೂ ತಕ್ಷಣ ಬ್ಯಾಂಕಿಗೆ ಹೇಳಿ, 1930ಕ್ಕೆ ಫೋನ್ ಮಾಡು. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಸಲಿಕ್ಕೇ ಇರುವ ಸಹಾಯವಾಣಿ ಅದು. ಬೆಳಗಾಗಲಿ ಅಂತ ಕಾಯಬೇಡ.

• ಖಾತೆ ವಾಪಸ್ ಪಡೆಯುವ ಕೆಲಸವನ್ನು ನೀನು ದಿನಾ ಬಳಸುವ ಲ್ಯಾಪ್‌ಟಾಪಿನಲ್ಲಿ, ಮನೆಯ ವೈಫೈನಲ್ಲೇ ಮಾಡು. ಪರಿಚಿತ ಸಾಧನ, ಪರಿಚಿತ ಜಾಗ ಆದರೆ ಗೂಗಲ್ ಬೇಗ ನಂಬುತ್ತದೆ. ಕಳ್ಳ ರಿಕವರಿ ನಂಬರ್ ಬದಲಾಯಿಸಿದ್ದರೂ ಸಾಮಾನ್ಯವಾಗಿ 7 ದಿನದವರೆಗೆ ನಿನ್ನ ಹಳೇ ನಂಬರಿಗೆ ಕೋಡ್ ತರಿಸಿಕೊಳ್ಳಬಹುದು. ಅದಕ್ಕೇ ಇವತ್ತೇ ಕೂರು ಅನ್ನುವುದು. ‘ಜಿಮೇಲ್ ಕಸ್ಟಮರ್ ಕೇರ್’ ಅಂತ ನೆಟ್‌ನಲ್ಲಿ ಸಿಗುವ ನಂಬರಿಗೆ ಮಾತ್ರ ಫೋನ್ ಮಾಡಬೇಡ. ದುಡ್ಡು ಕೊಟ್ಟರೆ ಖಾತೆ ಬಿಡಿಸಿಕೊಡ್ತೀವಿ ಅನ್ನುವವರು ಎರಡನೇ ಕಳ್ಳರು.

• ಹೊಸ ಪಾಸ್‌ವರ್ಡ್ ಹಾಕುವ ಮುಂಚೆ ಫೋನ್, ಲ್ಯಾಪ್‌ಟಾಪ್ ಎರಡನ್ನೂ ಜಾಲಾಡು. ನೀನು ಹಾಕಿಕೊಳ್ಳದ ಆ್ಯಪ್, ಯಾರೋ ಹೇಳಿ ಹಾಕಿಸಿದ ಎನಿಡೆಸ್ಕ್‌ನಂಥ ದೂರದಿಂದಲೇ ಸಾಧನ ನಡೆಸುವ ಆ್ಯಪ್, ಗುರುತಿಲ್ಲದ ಬ್ರೌಸರ್ ಎಕ್ಸ್‌ಟೆನ್ಶನ್ ಇದ್ದರೆ ಕಿತ್ತುಹಾಕು. ಇಲ್ಲವಾದರೆ ಹೊಸದೂ ಅವರ ಕೈಗೇ ಹೋಗುತ್ತದೆ.

• ಇದನ್ನು ಎರಡು ಸಲ ಓದು. ಕಳ್ಳ ಹೋಗುವಾಗ ಹಿತ್ತಿಲ ಬಾಗಿಲ ಚಿಲಕ ತೆಗೆದಿಟ್ಟು ಹೋಗಿರುತ್ತಾನೆ. ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆದು ಸೆಟ್ಟಿಂಗ್ಸ್‌ಗೆ ಹೋಗು. ಮೊಬೈಲ್ ಆ್ಯಪ್‌ನಲ್ಲಿ ನಾನು ಮುಂದೆ ಹೇಳುವವು ಕಾಣುವುದಿಲ್ಲ. ‘ಫಿಲ್ಟರ್ಸ್’ ಅನ್ನುವಲ್ಲಿ, ಬ್ಯಾಂಕಿನಿಂದ ಬಂದ ಮೇಲ್ ಇನ್‌ಬಾಕ್ಸಿಗೆ ಬಾರದೆ ನೇರ ಕಸದ ಬುಟ್ಟಿಗೆ ಹೋಗಲಿ ಅಂತ ಒಂದು ಸಾಲು ಬರೆದಿಟ್ಟಿರಬಹುದು. ‘ಫಾರ್ವರ್ಡಿಂಗ್’ನಲ್ಲಿ ನಿನ್ನ ಪ್ರತಿ ಮೇಲಿನ ನಕಲೂ ಅವನ ವಿಳಾಸಕ್ಕೆ ಹೋಗುವಂತೆ ಮಾಡಿರಬಹುದು. ‘ಅಕೌಂಟ್ಸ್’ನಲ್ಲಿ ರಿಪ್ಲೈ-ಟು ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದು. ನಿನ್ನದೇ ಹೆಸರು, ನಡುವೆ ಒಂದು ಅಕ್ಷರ ಹೆಚ್ಚಿಗೆ ಇದ್ದರೆ ನಿನಗೆ ಬರಬೇಕಾದ ಉತ್ತರ ಅವನಿಗೆ ಹೋಗುತ್ತಿರುತ್ತದೆ. ಅಳಿಸುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡು, ದೂರಿಗೆ ಬೇಕು. ಅಳಿಸಿದ ಮೇಲ್‌ಗಳು 30 ದಿನ ಟ್ರ್ಯಾಶ್‌ನಲ್ಲಿರುತ್ತವೆ, ಅಲ್ಲೂ ನೋಡು.

• ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಗೊತ್ತಿಲ್ಲದ ಫೋನ್, ಪಾಸ್‌ಕೀ, ಅನುಮತಿ ಪಡೆದ ಹೊರಗಿನ ಆ್ಯಪ್ ಎಲ್ಲ ತೆಗೆ. ಎರಡು ಹಂತದ ಪರಿಶೀಲನೆ ಹಾಕು. ಅದು ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡು.

• ಈಗ ನಿನ್ನ ಮೇಲ್‌ನಲ್ಲೇ ಕಳ್ಳನ ಹಾಗೆ ಹುಡುಕು: ಆಧಾರ್, ಪ್ಯಾನ್, ಪಾಸ್‌ವರ್ಡ್, ಸ್ಯಾಲರಿ ಸ್ಲಿಪ್. ಏನೇನು ಸಿಗುತ್ತದೋ ಅದೆಲ್ಲ ಅವನಿಗೂ ಸಿಕ್ಕಿದೆ ಅಂತಲೇ ಲೆಕ್ಕ. ಮನೆ ಬಾಡಿಗೆಗೆ ಹಿಡಿಯುವಾಗ ಕಳಿಸಿದ ಆಧಾರ್ ಪ್ರತಿ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡು. ಆದಾಯ ತೆರಿಗೆ, ಪಿಎಫ್, ಶಾಪಿಂಗ್, ಫೇಸ್‌ಬುಕ್, ಹೀಗೆ ಈ ಮೇಲ್‌ಗೆ ಜೋಡಿಸಿದ ಎಲ್ಲದರ ಪಾಸ್‌ವರ್ಡ್ ಬೇರೆ ಬೇರೆ ಮಾಡು.

• ಎಲ್ಲರಿಗೂ ಫೋನ್ ಮಾಡಿಯೇ ತಿಳಿಸು. ಅಜ್ಜಿಗೆ, ಆಫೀಸಿಗೆ, ಮನೆ ಓನರಿಗೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೀನು ಸುಮ್ಮನಿದ್ದರೆ ನಿನ್ನ ಮೇಲಿನ ಪ್ರೀತಿಗೆ ದುಡ್ಡು ಕಳಿಸಿ ಕಳೆದುಕೊಳ್ಳುವವರು ಅವರು.

• ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಲ್ಲವೇ ಹತ್ತಿರದ ಸೈಬರ್ ಕ್ರೈಂ (ಸೆನ್) ಠಾಣೆಯಲ್ಲಿ ದೂರು ಕೊಡು. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಕಲಮಿನಡಿ ಅಪರಾಧ, 3 ವರ್ಷದವರೆಗೆ ಜೈಲು. ನಾಳೆ ನಿನ್ನ ಹೆಸರಿನಲ್ಲಿ ಯಾರೋ ಸಾಲ ಎತ್ತಿದರೆ, ನೀನು ಮುಂಚೆಯೇ ದೂರು ಕೊಟ್ಟಿದ್ದೆ ಅನ್ನುವುದಕ್ಕೆ ಆ ದೂರಿನ ರಸೀದಿ ನಂಬರೇ ಸಾಕ್ಷಿ. ನಿನ್ನ ಹೆಸರಿನಲ್ಲಿರುವ ಸಾಲಗಳನ್ನು ತೋರಿಸುವ ಸಿಬಿಲ್ ವರದಿ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಎರಡು ತಿಂಗಳು ಬಿಟ್ಟು ತರಿಸಿ ನೋಡು.