ಕಾಯಿಲೆಯ ಸತ್ಯವನ್ನು ಹಿರಿಯರಿಗೆ ಹೇಳಬೇಕೇ?

ಮನೆಯ ಹಿರಿಯರಿಗೆ ವಾಸಿಯಾಗದ ಕಾಯಿಲೆ ಬಂದಿದೆ ಎಂದು ತಿಳಿದೊಡನೆ ನಾವು ಮಾಡುವುದೇನು? "ಅವರಿಗೆ ಮಾತ್ರ ಹೇಳಬೇಡಿ ಡಾಕ್ಟರೇ" ಎಂದು ಬೇಡಿಕೊಳ್ಳುತ್ತೇವೆ. ಅದು ಪ್ರೀತಿಯಿಂದ ಆಡುವ ಮಾತೇ. ಆದರೆ ಆ ಮಾತಿನಿಂದ ರೋಗಿಯ ಪಾಲಿನದೇನನ್ನು ಕಿತ್ತುಕೊಳ್ಳುತ್ತೇವೆ ಎಂದು ಯೋಚಿಸಿದ್ದೀರಾ?

ಜಪಾನಿನಲ್ಲೂ ಒಂದು ಕಾಲದಲ್ಲಿ ಕ್ಯಾನ್ಸರ್ ಇರುವುದನ್ನು ಮನೆಯವರಿಗೆ ಮಾತ್ರ ತಿಳಿಸುವ ರೂಢಿಯಿತ್ತು. ಅದೇ ನಾಡಿನ ಮಾಮಿ ಸುನಾದ ಎಂಬ ನಿರ್ದೇಶಕಿ ತನ್ನ ತಂದೆಯ ಕೊನೆಯ ದಿನಗಳನ್ನು ಚಿತ್ರೀಕರಿಸಿ 2011ರಲ್ಲಿ 'ಎಂಡಿಂಗ್ ನೋಟ್' ಎಂಬ ಸಾಕ್ಷ್ಯಚಿತ್ರ ಹೊರತಂದರು. ತಮ್ಮ ಮರಣಾನಂತರ ಏನೇನಾಗಬೇಕೆಂದು ಅಲ್ಲಿನವರು ಬರೆದಿಡುವ ಪುಸ್ತಕಕ್ಕೆ ಆ ಹೆಸರು.

ದಶಕಗಳ ಕಾಲ ಕಂಪನಿಯಲ್ಲಿ ದುಡಿದು ನಿವೃತ್ತರಾದ ಆ ತಂದೆಗೆ 2009ರಲ್ಲಿ ಜಠರದ ಕ್ಯಾನ್ಸರ್ ಪತ್ತೆಯಾಯಿತು. ಆಗಲೇ ನಾಲ್ಕನೇ ಹಂತ. ವಿಷಯ ತಿಳಿದ ಅವರು ಕಚೇರಿಯ ಶಿಸ್ತಿನಿಂದಲೇ ಸಾವಿಗೆ ಸಿದ್ಧರಾದರು. ಮಾಡಬೇಕಾದ ಕೆಲಸಗಳ ಪಟ್ಟಿಯಂತೆ ಚಿತ್ರ ಸಾಗುತ್ತದೆ: ಗುರುಗಳನ್ನು ಕಾಣುವುದು, ಮೊಮ್ಮಕ್ಕಳೊಡನೆ ಮನಸಾರೆ ಆಡುವುದು, ಮನೆಮಂದಿಯೊಡನೆ ಪ್ರವಾಸ, ಅಂತ್ಯಕ್ರಿಯೆಯ ಸ್ಥಳ ನೋಡಿಬರುವುದು, ಮಗನಿಗೆ ಜವಾಬ್ದಾರಿ ಒಪ್ಪಿಸುವುದು, ಹೆಂಡತಿಗೆ ಮೊದಲ ಬಾರಿ ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದು, ದೀಕ್ಷಾಸ್ನಾನ ಪಡೆಯುವುದು.

ಗಮನಿಸಿ, ಇವು ರೋಗಿಗೆ ಇತರರು ಮಾಡುವ ಸೇವೆಗಳಲ್ಲ, ರೋಗಿಯೇ ಮಾಡುವ ಕೆಲಸಗಳು. ಸತ್ಯ ತಿಳಿದದ್ದರಿಂದ ಅವರು ಕೊನೆಯವರೆಗೂ ತಂದೆಯಾಗಿ, ಗಂಡನಾಗಿ, ಅಜ್ಜನಾಗಿ ಉಳಿದರು. ನಾವು ಮುಚ್ಚಿಟ್ಟಾಗ ಕಳೆದುಹೋಗುವುದು ಈ ಅವಕಾಶವೇ. ಎಷ್ಟೋ ಮನೆಗಳಲ್ಲಿ ರೋಗಿಗೆ ಎಲ್ಲವೂ ಗೊತ್ತಿರುತ್ತದೆ. ಮಕ್ಕಳು ನೊಂದಾರೆಂದು ಅವರೂ ನಟಿಸುತ್ತಾರೆ.

ಹಾಗೆಂದು ಸತ್ಯವನ್ನು ಒಮ್ಮೆಗೇ ತಲೆಯ ಮೇಲೆ ಹೇರಬೇಕಿಲ್ಲ. ಅವರಿಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿಯುವ ಇಷ್ಟವಿದೆ ಎಂದು ಮೊದಲು ಕೇಳಿ. ಹೇಳಿದ ಮೇಲೆ ಪಕ್ಕದಲ್ಲೇ ಕುಳಿತಿರಿ.

ಗುರುಗಳನ್ನು ಕರೆದರೆ ರೋಗಿ ಹೆದರುತ್ತಾರೆಂದು ಪ್ರಜ್ಞೆ ತಪ್ಪುವವರೆಗೆ ಕಾಯುವವರೂ ಇದ್ದಾರೆ. ರೋಗಿಗಳ ಅಭ್ಯಂಗ ಸಂಸ್ಕಾರ ಕೊನೆಯುಸಿರಿಗೆ ಮಾತ್ರ ಮೀಸಲಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸ್ಪಷ್ಟಪಡಿಸಿತು. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ತಲೆದೋರಿದಾಗಲೇ ಅದಕ್ಕೆ ತಕ್ಕ ಸಮಯ. ರೋಗಿ ತಾನೇ ಪ್ರಾರ್ಥಿಸಬಲ್ಲ ಸ್ಥಿತಿಯಲ್ಲಿರುವಾಗ ಕರೆಯಿರಿ.

ಮನೆಯವರೆಲ್ಲ ಸೇರಿ ಯೋಚಿಸಿ:

1. ಅಪ್ಪ, ಅಮ್ಮನಿಗೆ ಹೇಳದೆ ಉಳಿಸಿಕೊಂಡಿರುವ ಕೃತಜ್ಞತೆಯ ಅಥವಾ ಕ್ಷಮೆಯ ಮಾತು ಯಾವುದು?

2. ತಮ್ಮ ಕೊನೆಯ ದಿನಗಳ ಬಗ್ಗೆ ಅವರ ಇಚ್ಛೆ ಏನೆಂದು ಎಂದಾದರೂ ಕೇಳಿದ್ದೀರಾ?

ಆ ಮಾತಿಗೆ ಕಾಯಿಲೆ ಬರುವವರೆಗೆ ಕಾಯಬೇಕಿಲ್ಲ. ಇಂದು ರಾತ್ರಿ ಊಟದ ಹೊತ್ತೇ ಸಾಕು.