ಹುಡುಕು ಡಬ್ಬಿ

ಅಕ್ಕಂದಿರೇ, ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡಿದ್ದೀರಲ್ಲವೇ? ಒಬ್ಬರು ಅಡಗುತ್ತಾರೆ. ಉಳಿದವರು ಹುಡುಕುತ್ತಾರೆ. ಈ ಪಾಠದ ಆಟವೂ ಹಾಗೇ. ಆದರೆ ಇಲ್ಲಿ ಅಡಗುವುದು ಮನುಷ್ಯರಲ್ಲ, ಒಂದು ಡಬ್ಬಿ. ಆಟದ ಹೆಸರು ಜಿಯೋಕ್ಯಾಶಿಂಗ್. ನಾಲಿಗೆ ಹೊರಳದಿದ್ದರೆ ಬಿಡಿ. ನಾವು ಹುಡುಕು ಡಬ್ಬಿ ಅನ್ನೋಣ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 2000ನೇ ಇಸವಿ ಮೇ 3ರಂದು ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿದರು. ಅದರಲ್ಲಿ ಪುಸ್ತಕ, ಪೆನ್ಸಿಲ್, ಒಂದಿಷ್ಟು ಸಾಮಾನು ಇಟ್ಟರು. ಒಂದು ಡಬ್ಬಿ ಬೀನ್ಸ್ ಕಾಳೂ ಇತ್ತಂತೆ! ಜಾಗದ ಗುರುತನ್ನು ಎಲ್ಲರಿಗೂ ತಿಳಿಸಿದರು. ಮೂರು ದಿನದೊಳಗೆ ಒಬ್ಬರು ಹುಡುಕಿಯೇ ಬಿಟ್ಟರು.

ಜಾಗದ ಗುರುತು ಹೇಳುವುದು ಹೇಗೆ? ನಮಗೆ ಇದು ಗೊತ್ತು. ತೋಟದಲ್ಲಿ ಒಂದು ಅಡಿಕೆ ಮರ ತೋರಿಸಬೇಕು. ಏನು ಹೇಳುತ್ತೀರಿ? "ಬೇಲಿಯಿಂದ ಐದನೇ ಸಾಲು, ಕಾಲುವೆಯಿಂದ ಹತ್ತನೇ ಮರ." ಎರಡು ಅಂಕಿ ಸಾಕು, ಮರ ಸಿಕ್ಕಿತು. ಭೂಮಿಗೂ ಹೀಗೇ ಅಡ್ಡ ಗೆರೆ, ಉದ್ದ ಗೆರೆ ಎಂದು ಲೆಕ್ಕ ಮಾಡಿದ್ದಾರೆ. ಅಡ್ಡ ಗೆರೆಗೆ ಅಕ್ಷಾಂಶ, ಉದ್ದ ಗೆರೆಗೆ ರೇಖಾಂಶ ಎನ್ನುತ್ತಾರೆ. ನಮ್ಮ ಚಿತ್ರದುರ್ಗ ಇರುವುದು 14ನೇ ಅಕ್ಷಾಂಶ, 76ನೇ ರೇಖಾಂಶ ದಾಟಿದ ಮೇಲೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹಗಳು ಸುತ್ತುತ್ತಿವೆ. ಅವು ಕಳಿಸುವ ಸಂಕೇತವನ್ನು ಮೊಬೈಲ್ ಹಿಡಿದು ನಾವಿರುವ ಜಾಗ ಹೇಳುತ್ತದೆ. ಮೊದಲು ಅಮೆರಿಕದ ಸೈನ್ಯ ಬೇಕೆಂದೇ ಸಾಮಾನ್ಯ ಜನರಿಗೆ ಮಸುಕು ಗುರುತು ಕೊಡುತ್ತಿತ್ತು. 2000ದ ಮೇ ಮೊದಲ ವಾರ ಅದನ್ನು ನಿಲ್ಲಿಸಿದರು. ಮರುದಿನವೇ ಉಲ್ಮರ್ ಬಕೆಟ್ ಇಟ್ಟದ್ದು.

ನಮ್ಮ ಭೀಮಸಮುದ್ರದ ಕಲಿಕಾ ಗುಂಪಿನವರೂ ಈ ಆಟ ಆಡಿದೆವು. ಅಡಿಕೆ ಸುಲಿಯುವ ಕೆಲಸ ಮುಗಿದಿತ್ತು. ಒಂದು ಭಾನುವಾರ ಗೊತ್ತು ಮಾಡಿದೆವು. ಗಂಡಸರು ಕಟ್ಟೆ ಮೇಲೆ ಕೂತು ದಿನ ಕಳೆದರೆ ಯಾರೂ ಕೇಳುವುದಿಲ್ಲ. ಹೆಂಗಸರು ಹೊರಟರೆ ಯಾಕೆ, ಎಲ್ಲಿಗೆ, ಎಷ್ಟೊತ್ತಿಗೆ ಬರ್ತೀಯ ಎಂಬ ಮೂರು ಪ್ರಶ್ನೆ. ಒಬ್ಬ ಅತ್ತೆ ಸೊಸೆಗೆ ಕೇಳಿದರು: "ಡಬ್ಬಿ ಹುಡುಕಾಕೆ ಕೆರೆಗೆ ಯಾಕೆ ಹೋಗಬೇಕು? ಅಡಿಗೆ ಮನೇಲಿ ಇಲ್ವಾ?" ಆ ಅತ್ತೆಯೇ ಮಧ್ಯಾಹ್ನ ಕೋಲೂರಿಕೊಂಡು ಕೆರೆ ಏರಿಗೆ ಬಂದರು!

ನಮ್ಮ ಆಟಕ್ಕೆ ಮೊಬೈಲ್ ಬೇಕಿರಲಿಲ್ಲ. ದಪ್ಪ ಅಕ್ಷರದ ಚೀಟಿಗಳಿದ್ದವು. ಮೊದಲ ಚೀಟಿ ಹೀಗಿತ್ತು: "ಕೋಡಿಯಿಂದ ಊರ ಕಡೆಗೆ ನೂರು ಹೆಜ್ಜೆ. ಅಲ್ಲಿ ಬೇವಿನ ಮರ. ಬುಡ ನೋಡಿ." ಎಲ್ಲರೂ ಮೂರು ಹೆಜ್ಜೆ ಹೋಗಿ ನಿಂತರು. ಮರವೇ ಇಲ್ಲ. "ಮರ ಕಡಿದವ್ರೆ" ಎಂದರು ಒಬ್ಬರು. "ಚೀಟೀನೇ ಸುಳ್ಳು" ಎಂದರು ಇನ್ನೊಬ್ಬರು. ಎಲ್ಲರಿಗಿಂತ ಚಿಕ್ಕ ಸೊಸೆ ಚೀಟಿ ಇಸಕೊಂಡು ಬೆರಳಿಟ್ಟು ಓದಿದಳು. "ಅಕ್ಕಾ, ಇದು ಮೂ ಅಲ್ಲ, ನೂ!" ನಗುವೋ ನಗು. ನೂರು ಹೆಜ್ಜೆ ಎಣಿಸಿದರು. ಬೇವಿನ ಬುಡದಲ್ಲಿ ಸ್ಟೀಲ್ ಡಬ್ಬಿ ಸಿಕ್ಕಿತು. ನೀವೂ ನೂ, ಮೂ ಪಕ್ಕ ಪಕ್ಕ ಬರೆದು ನೋಡಿ.

ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಊಟವಾದ ಮೇಲೂ ಯಾರೂ ಏಳಲಿಲ್ಲ. ಯಾರಿಗೂ ಕರೆಯುವವರಿಲ್ಲ, ಒಲೆ ಇಲ್ಲ. ಕೆರೆ ಗಾಳಿ ಬೀಸುತ್ತಿತ್ತು.

ಈ ಆಟದ ಮುಖ್ಯ ನಿಯಮ ಒಂದಿದೆ. ಡಬ್ಬಿಯೊಳಗೆ ಒಂದು ಪುಸ್ತಕ ಇರುತ್ತದೆ. ಸಿಕ್ಕವರು ಅದರಲ್ಲಿ ಹೆಸರು, ತಾರೀಖು ಬರೆಯಬೇಕು. ಕೂಲಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ ಅಕ್ಕ ಒಬ್ಬರು ಹಿಂದೆ ಸರಿದರು. "ನಂದು ಹೆಬ್ಬೆಟ್ಟೇ ಸಾಕು ಟೀಚರ್." ಡಬ್ಬಿಯಲ್ಲಿ ಪೆನ್ಸಿಲ್ ಇತ್ತು, ಶಾಯಿ ಇರಲಿಲ್ಲ. ನಾವು ಕಾದೆವು. ಯಾರೂ ಹೇಳಿಕೊಡಲಿಲ್ಲ. ನಾಲ್ಕು ಅಕ್ಷರ ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆದರು. ಮುಂದಿನ ಬಟವಾಡೆ ದಿನ ಅವರು ಪೆನ್ನು ಕೇಳಿದರು. ರುಜು ಹಾಕುವ ಮೊದಲು ಮೇಲಿನ ಸಾಲು ಓದಿದರು. ಆರು ದಿನದ ಕೆಲಸಕ್ಕೆ ಐದು ಎಂದು ಬರೆದಿತ್ತು. ಕೇಳಿದರು. ತಿದ್ದಿ ಕೊಟ್ಟರು.

ಇನ್ನು ಕೆಲವು ನಿಯಮ ಗೊತ್ತಿರಲಿ. ಡಬ್ಬಿಗೆ ತಿಂಡಿ ಹಾಕಬಾರದು, ಇರುವೆ, ಕೋತಿ ಬಿಡುವುದಿಲ್ಲ. ನೆಲ ಅಗೆಯಬಾರದು. ಬೇರೆಯವರ ತೋಟವಾದರೆ ಕೇಳಿಯೇ ಇಡಬೇಕು. ಸಿಕ್ಕ ಡಬ್ಬಿಯನ್ನು ಅದೇ ಜಾಗದಲ್ಲಿ ಇಡಬೇಕು. ಒಂದು ವಸ್ತು ತೆಗೆದುಕೊಂಡರೆ ಅದೇ ಬೆಲೆಯ ಇನ್ನೊಂದು ಇಡಬೇಕು.

ದುರ್ಗದ ಕೋಟೆಯಲ್ಲಿ ಮಾತ್ರ ಡಬ್ಬಿ ಬೇಡ. ಅದು ಪುರಾತತ್ವ ಇಲಾಖೆ ಕಾಯುವ ಜಾಗ. ಅಲ್ಲಿ ನೋಡಿ ಉತ್ತರ ಬರೆಯುವ ಆಟ ಆಡಬಹುದು. ಓಬವ್ವನ ಕಿಂಡಿಯಲ್ಲಿ ಒಮ್ಮೆಗೆ ಎಷ್ಟು ಜನ ನುಸುಳಬಹುದು? ಹೋಗಿ ನೋಡಿಯೇ ಬರೆಯಿರಿ. ಹತ್ತಿರದ ಚಂದ್ರವಳ್ಳಿಯಲ್ಲಿ ಬಂಡೆ ಮೇಲೆ ಕದಂಬರ ರಾಜ ಮಯೂರಶರ್ಮನ ಶಾಸನವಿದೆ. 1600 ವರ್ಷಕ್ಕೂ ಹಳೆಯದು. ಕೆರೆ ಮಾಡಿಸಿದ ವಿಷಯ ಅದರಲ್ಲಿದೆ. ಆ ಲಿಪಿ ಬ್ರಾಹ್ಮಿ. ಅದನ್ನು ಓದಲು ನಾನೂ ಕಲಿತಿಲ್ಲ.

ಅಭ್ಯಾಸ: ಮನೆಯ ಹತ್ತಿರ ಒಂದು ಡಬ್ಬಿ ಅಡಗಿಸಿ. ಗೆಳತಿಗೆ ಮೂರು ಸಾಲಿನ ಚೀಟಿ ಬರೆಯಿರಿ. ಎಷ್ಟು ಹೆಜ್ಜೆ, ಯಾವ ಕಡೆ, ಏನು ಗುರುತು? ಹೆಜ್ಜೆಯನ್ನು ಅಂಕಿಯಲ್ಲೂ ಬರೆಯಿರಿ, ಅಕ್ಷರದಲ್ಲೂ ಬರೆಯಿರಿ.